ಎಲೆ ಮಾರುವ ಅಜ್ಜಿಯಂದಿರ ಊರು

ಜಪಾನಿನ ಶಿಕೋಕು ದ್ವೀಪದ ಬೆಟ್ಟಗಳ ನಡುವೆ ಕಮಿಕತ್ಸು ಎಂಬ ಪುಟ್ಟ ಊರಿದೆ. ಜನಸಂಖ್ಯೆ ಸುಮಾರು 1,400. ಅವರಲ್ಲಿ ಅರ್ಧದಷ್ಟು ಮಂದಿ 65 ವರ್ಷ ದಾಟಿದವರು.

ಕಿತ್ತಳೆ ಜಾತಿಯ ಮಿಕಾನ್ ಇಲ್ಲಿನ ಮುಖ್ಯ ಬೆಳೆಯಾಗಿತ್ತು. 1981ರ ಫೆಬ್ರವರಿಯ ಕಡುಚಳಿಗೆ ತೋಟಗಳೇ ಒಣಗಿಹೋದವು. ಯುವಕರು ಪಟ್ಟಣ ಸೇರಿದ್ದರು. ಉಳಿದ ಹಿರಿಯರಿಗೆ ಭಾರದ ಕೆಲಸ ಸಾಧ್ಯವಿರಲಿಲ್ಲ.

ಜಪಾನಿನ ಭೋಜನಗೃಹಗಳಲ್ಲಿ ಊಟದ ತಟ್ಟೆಯನ್ನು ಎಲೆ, ಹೂಗಳಿಂದ ಸಿಂಗರಿಸುವ ವಾಡಿಕೆಯಿದೆ. ಆ ಎಲೆಗಳನ್ನೇ ಮಾರೋಣ ಎಂದರು ಕೃಷಿ ಸಹಕಾರ ಸಂಘದ ತೊಮೊಜಿ ಯೊಕೊಇಶಿ. ಮೊದಮೊದಲು ನಂಬಿದವರು ಕಡಿಮೆ. 1986ರಲ್ಲಿ ನಾಲ್ವರು ಕೃಷಿಕರು ಮುಂದೆ ಬಂದರು. ಈಗ 300ಕ್ಕೂ ಮಿಕ್ಕಿದ ಬಗೆಯ ಎಲೆ, ಹೂ, ಚಿಗುರುಗಳು ಇಲ್ಲಿಂದ ಪೇಟೆಗೆ ಹೋಗುತ್ತವೆ. ಎಲೆ ಹಗುರ. ಆದುದರಿಂದ 80 ದಾಟಿದ ಅಜ್ಜಿಯರೂ ಕಂಪ್ಯೂಟರಿನಲ್ಲಿ ಬೇಡಿಕೆ ನೋಡಿ, ಎಲೆ ಕೊಯ್ದು, ಒಂದೇ ಅಳತೆಯವನ್ನು ಆರಿಸಿ ಕಟ್ಟಿ ಕಳುಹಿಸುತ್ತಾರೆ. ಮೈಗೆ ಚಟುವಟಿಕೆ, ಕೈಗೆ ಸ್ವಂತ ದುಡ್ಡು, ಮನಸ್ಸಿಗೆ ಧೈರ್ಯ.

2003ರಲ್ಲಿ ಈ ಊರು ಕಸವನ್ನು ಸುಡದೆ, ಹೂಳದೆ ಬದುಕುವ ಸಂಕಲ್ಪ ಮಾಡಿತು. ಮನೆಯವರೇ ಕಸವನ್ನು 40ಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸುತ್ತಾರೆ. ಸುಮಾರು ಶೇಕಡಾ 80 ಭಾಗ ಮರುಬಳಕೆಯಾಗುತ್ತದೆ.

ಊರಿನ ಜನಸಂಖ್ಯೆ ಮಾತ್ರ ಇಳಿಯುತ್ತಲೇ ಇದೆ. ಆದರೂ ಉಳಿದ ಹಿರಿಯರಲ್ಲಿ ಹಲವರು ಯಾರಿಗೂ ಹೊರೆಯಾಗಿಲ್ಲ. ನಮ್ಮ ಮನೆಯ ಹಿರಿಯರಿಗೂ ಅವರ ಶಕ್ತಿಗೆ ತಕ್ಕ ಕೆಲಸವೊಂದು ಇದೆಯೇ ಎಂದು ಯೋಚಿಸೋಣ.