ಕಾರಾಗೃಹದೊಳಗಿನ ತರಗತಿ: ವರ್ತಕರು ಗಮನಿಸಬೇಕಾದ ಲೆಕ್ಕ

ಜಿಲ್ಲಾ ಕಾರಾಗೃಹದ ಬಂದಿಗಳಿಗೆ ಪರ್ಯಾಯ ಶಿಕ್ಷಣದ ತರಗತಿ ಆರಂಭಿಸಲು ನೆರವು ಕೇಳಿದಾಗ, ವರ್ತಕರಾದ ನಮಗೆ ಮೊದಲು ಹೊಳೆಯುವುದು ಕಂಪ್ಯೂಟರು, ಹೊಲಿಗೆ ಯಂತ್ರ, ಬೆಂಚುಗಳೇ. ದಾನಿಯ ಹೆಸರು ಬರೆಸಲು ಅವು ಬಹಳ ಅನುಕೂಲ! ಆದರೆ ಒಳಗಿರುವವರು ಯಾರೆಂಬುದನ್ನು ಮೊದಲು ತಿಳಿಯುವುದು ಒಳಿತು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಯಂತೆ 2022ರ ಅಂತ್ಯಕ್ಕೆ ದೇಶದ ಕಾರಾಗೃಹಗಳಲ್ಲಿದ್ದ 5,73,220 ಬಂದಿಗಳ ಪೈಕಿ 4,34,302 ಮಂದಿ ವಿಚಾರಣಾಧೀನರು. ಅಂದರೆ ಪ್ರತಿ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಇವರಿಗೆ ಯಾವ ದಿನ ಜಾಮೀನು ದೊರೆಯುವುದೋ ಹೇಳಲಾಗದು. ಜೂನ್‌ನಲ್ಲಿ ಸೇರಿ ಮಾರ್ಚ್‌ನಲ್ಲಿ ಪರೀಕ್ಷೆ ಬರೆಯುವ ಸಾಮಾನ್ಯ ಶಾಲಾ ಕ್ರಮ ಅಲ್ಲಿ ನಡೆಯಲಾರದು.

ಈ ತೊಡಕಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಪದ್ಧತಿ ಹೊಂದುತ್ತದೆ. ಅಲ್ಲಿ ನೋಂದಣಿ ಐದು ವರ್ಷ ಊರ್ಜಿತದಲ್ಲಿರುತ್ತದೆ. ಒಂಬತ್ತು ಬಾರಿ ಪರೀಕ್ಷೆಗೆ ಅವಕಾಶವಿದೆ. ಉತ್ತೀರ್ಣವಾದ ವಿಷಯವನ್ನು ಮತ್ತೆ ಬರೆಯಬೇಕಿಲ್ಲ. ಒಳಗೆ ಎರಡು ವಿಷಯ ಮುಗಿಸಿದವನು ಉಳಿದುದನ್ನು ಹೊರಗೆ ಪೂರೈಸಬಹುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಹಳೆಯ ಬಾಕಿಯನ್ನು ಮುಂದಿನ ಪುಟಕ್ಕೆ ಒಯ್ದಂತೆ. ಪದವಿ ಮಟ್ಟದಲ್ಲೂ ಪೂರ್ವನಿದರ್ಶನವಿದೆ: ದೆಹಲಿಯ ತಿಹಾರ್ ಕಾರಾಗೃಹದಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಅಧ್ಯಯನ ಕೇಂದ್ರ 1994ರಲ್ಲೇ ಆರಂಭವಾಯಿತು.

ಹಾಗಾದರೆ ಹಣ ಬೇಕಾಗುವುದು ಎಲ್ಲಿಗೆ? ಶಿಕ್ಷಕರ ಗೌರವಧನ, ಪರೀಕ್ಷಾ ಶುಲ್ಕ, ನೋಟ್‌ಪುಸ್ತಕ ಇವೇ ಮುಖ್ಯ ಬಾಬುಗಳು. ಎಲ್ಲವೂ ಆವರ್ತಕ ವೆಚ್ಚ. ಬಿಡುಗಡೆಯಾದವನ ಪುಸ್ತಕ, ನೋಂದಣಿ ಸಂಖ್ಯೆ ಅವನ ಕೈಸೇರುವಂತೆ ನೋಡಿಕೊಳ್ಳಲು ಒಬ್ಬ ಗುಮಾಸ್ತನೂ ಬೇಕು. ನನ್ನ ಮಟ್ಟಿಗೆ ಇದೇ ಅತ್ಯಂತ ಅಗತ್ಯವಾದ ಬಾಬು. ದಾನಿಗಳ ಪಟ್ಟಿಯಲ್ಲಿ ಮಾತ್ರ ಇದು ಕಾಣುವುದೇ ಇಲ್ಲ.

2013ರ ಕಂಪನಿ ಕಾಯಿದೆಯ 135ನೇ ಕಲಮಿನ ಸಾಮಾಜಿಕ ಹೊಣೆಗಾರಿಕೆ ಹಣದಲ್ಲಿ ಶಿಕ್ಷಣಕ್ಕೆ ಅವಕಾಶವಿದೆ. ಆದರೆ ಅಂಗಡಿ, ಪಾಲುದಾರಿಕೆ ಸಂಸ್ಥೆಗಳಿಗೆ ಆ ಕಲಮು ಅನ್ವಯಿಸದು. ನಮ್ಮಂಥವರ ವಂತಿಗೆ ಸ್ವಂತ ಇಚ್ಛೆಯದೇ. ಆದುದರಿಂದ ಹತ್ತಿಪ್ಪತ್ತು ಮಂದಿ ಸೇರಿ, ಮೂರು ವರ್ಷಗಳ ಮಟ್ಟಿಗೆ ಮಾಸಿಕ ಮೊತ್ತವನ್ನು ಬರವಣಿಗೆಯಲ್ಲಿ ಒಪ್ಪಿಕೊಂಡು, ಚೆಕ್ಕಿನ ಮೂಲಕವೇ ಪಾವತಿಸುವುದು ಲೇಸು. ಕಾರಾಗೃಹ ಅಧೀಕ್ಷಕರೊಡನೆ ಮಾತುಕತೆಗೆ ಹೋಗುವ ಮುನ್ನವೇ ಈ ಒಪ್ಪಂದ ಸಿದ್ಧವಿರಲಿ.