ಮಲೆಸಾಲಿನ ಕಂಚಿನ ದನಿ: ಕಂಸಾಳೆ ಮೇಳ

ಚಾಮರಾಜನಗರದಿಂದ ಹೊರಟು, ಕೊಳ್ಳೇಗಾಲ ಹನೂರುಗಳನ್ನು ಹಿಂದಿಕ್ಕಿ, ತಾಳಬೆಟ್ಟದ ಬುಡವನ್ನು ಸೇರಿದ ಯಾತ್ರಿಕನ ಕಣ್ಣೆದುರಿಗೆ ಒಂದರ ಬೆನ್ನಿಗೊಂದಾಗಿ ಮೇಲೇಳುವ ಗಿರಿಪಂಕ್ತಿಯನ್ನು ನಮ್ಮ ಸೀಮೆಯ ಜನ ಎಪ್ಪತ್ತೇಳು ಮಲೆಯೆಂದು ಕರೆಯುತ್ತ ಬಂದಿದ್ದಾರೆ. ಸರ್ಕಾರದ ಭೂಪಟಕ್ಕೆ ಅದು ಹನೂರು ತಾಲ್ಲೂಕಿನ ಒಂದು ಅರಣ್ಯಪ್ರದೇಶ. 2013ರಿಂದ ಈಚೆಗೆ ಒಂದು ವನ್ಯಜೀವಿಧಾಮ. ಆದರೆ ಗುಂಡ್ಲುಪೇಟೆಯ ಕಡೆ ಹೊಲದಲ್ಲಿ ದುಡಿಯುವ ಒಕ್ಕಲಿಗೆ ಆನುಮಲೆ, ಜೇನುಮಲೆ, ಕಾನುಮಲೆ, ಪೊನ್ನಾಚಿಮಲೆ ಎಂಬ ಹೆಸರುಗಳು, ಆ ಮಲೆಗಳನ್ನು ತಾನು ಹತ್ತಿರಲಿ ಹತ್ತದಿರಲಿ, ನೆಂಟರ ಊರುಗಳ ಹೆಸರಿನಷ್ಟು ಪರಿಚಿತ. ಅಕ್ಷರವನ್ನರಿಯದ ಕಾಲದಲ್ಲಿಯೂ ಈ ಪರಿಚಯವನ್ನು ಮನೆಮನೆಗೆ ಹೊತ್ತು ತಂದವರು ಆ ಮಲೆಗಳ ದೈವವಾದ ಮಾದಪ್ಪನ ದೇವರಗುಡ್ಡರು, ಎಂದರೆ ಕಂಸಾಳೆಯವರು. ಒಂದು ಗಿರಿಶ್ರೇಣಿ ಒಂದು ನಾಡಾಗಿ ಜನರ ಮನಸ್ಸಿನಲ್ಲಿ ನೆಲೆಗೊಳ್ಳುವುದಕ್ಕೆ ಕಾರಣವಾದ ಈ ಗಾನಸಂಸ್ಥೆಯನ್ನು, ಅದರ ಕುಣಿತವನ್ನಷ್ಟೇ ಬಲ್ಲ ಇಂದಿನ ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಮೊದಲು ವಾದ್ಯವನ್ನು ನೋಡೋಣ. ಕಂಸಾಳೆಯೆಂಬುದು ಕಂಚಿನ ಒಂದು ಜೋಡಿ ತಾಳ; ಆದರೆ ಭಜನೆಯ ತಾಳದಂತೆ ಎರಡೂ ಒಂದೇ ಆಕಾರದವಲ್ಲ. ಎಡಗೈಯ ಅಂಗೈಯಲ್ಲಿ ಕೂರುವುದು ಬಟ್ಟಲಿನಂತೆ ಆಳವುಳ್ಳದ್ದು. ಬಲಗೈಯದು ಚಪ್ಪಟೆಯಾದುದು, ನಡುವೆ ಉಬ್ಬಿದ್ದು, ಅಲ್ಲಿಂದ ಹೊರಟ ದಾರವನ್ನೂ ಅದರ ತುದಿಯ ಬಣ್ಣದ ಕುಚ್ಚನ್ನೂ ಧರಿಸಿದ್ದು. ಬಟ್ಟಲಿನ ಅಂಚಿಗೆ ಚಪ್ಪಟೆ ತಾಳ ತಗುಲಿದಾಗ ಒಂದು ನಾದ, ಬಾಯಿಗೆ ಬಾಯಿ ಕೂಡಿದಾಗ ಮತ್ತೊಂದು ನಾದ, ಕೂಡಿದ್ದು ಬಿಡದೆ ಒತ್ತಿ ಹಿಡಿದಾಗ ನಾದವನ್ನು ನುಂಗಿದ ಇನ್ನೊಂದು ಸದ್ದು. ಇಷ್ಟೇ ಸಾಮಗ್ರಿಯಿಂದ ಕಥೆಯ ದುಃಖಕ್ಕೆ ವಿಲಂಬವನ್ನೂ ಯುದ್ಧಕ್ಕೆ ವೇಗವನ್ನೂ ನುರಿತ ಗುಡ್ಡನು ಒದಗಿಸಬಲ್ಲನು. ಬೀಸು ಕಂಸಾಳೆಯೆಂಬ ಕುಣಿತದಲ್ಲಿ ಇದೇ ವಾದ್ಯವು ಆಯುಧದ ಗಾಂಭೀರ್ಯವನ್ನು ಪಡೆಯುತ್ತದೆ: ದಾರದ ತುದಿಯಲ್ಲಿ ಬೀಸಿ ಬರುವ ಕಂಚು ಕೊರಳನ್ನು ಬಳಸಿ, ಬೆನ್ನ ಹಿಂದೆ ಸುಳಿದು, ಮಂಡಿಯೂರಿದವನ ಕಾಲ ಕೆಳಗೆ ಹಾದು, ಪಕ್ಕದವನ ಬಟ್ಟಲಿಗೆ ತಪ್ಪದೆ ತಾಗಿ ಹಿಂದಿರುಗುತ್ತದೆ. ಒಬ್ಬನ ಲಯ ತಪ್ಪಿದರೆ ಇನ್ನೊಬ್ಬನ ಮೈಗೆ ಪೆಟ್ಟು; ಆದುದರಿಂದ ಮೇಳದವರ ಪರಸ್ಪರ ವಿಶ್ವಾಸವೇ ಆ ಕುಣಿತದ ಮೊದಲ ಪಾಠ.

ಆದರೆ ಬೀಸು ಕಂಸಾಳೆ ಈ ಸಂಪ್ರದಾಯದ ಹೊರಮೈ ಮಾತ್ರ. ಅದರ ಒಡಲು ರಾತ್ರಿಯೆಲ್ಲ ಕುಳಿತು ಹಾಡುವ ಕಥನದಲ್ಲಿದೆ. ಮುಖ್ಯ ಗಾಯಕನು ಪದವನ್ನು ಎತ್ತಿಕೊಂಡು, ನಡುನಡುವೆ ಮಾತಿನಲ್ಲಿ ಕಥೆಯನ್ನು ಬಿಡಿಸಿ, ಹಿಮ್ಮೇಳದವರು ದಮ್ಮಡಿ ಏಕತಾರಿಗಳ ನೆರವಿನಿಂದ ಸೊಲ್ಲು ಕೂಡಿಸುತ್ತ ಸಾಗುವ ಮಾದಪ್ಪನ ಈ ಮಹಾಕಾವ್ಯವು ಸಾಲುಗಳೆಂಬ ಭಾಗಗಳಾಗಿ ಹಂಚಿಕೊಂಡಿದೆ. ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು, ಸಂಕಮ್ಮನ ಸಾಲು, ಹೀಗೆ ಒಂದೊಂದೂ ಒಂದೊಂದು ಊರನ್ನೂ ಒಂದೊಂದು ಕುಲವನ್ನೂ ಮಾದಪ್ಪನ ಮಲೆಗೆ ಬೆಸೆಯುತ್ತದೆ. ದೊರೆಯ ದರ್ಪವನ್ನಿಳಿಸುವುದಕ್ಕೆ ಪಾದುಕೆ ಮಾಡಿಕೊಡುವ ಹರಳಯ್ಯನೂ, ಕುರಿಯ ಹಿಂಡನ್ನು ಕಾಯುವ ಹಾಲುಮತದವನೂ, ಕಾಡಿನ ಸೋಲಿಗನೂ ಇಲ್ಲಿ ದೇವರ ಚರಿತ್ರೆಯ ಒಳಗಿನವರೇ ಆಗಿದ್ದಾರೆ.

ಇವುಗಳೊಳಗೆ ಸಂಕಮ್ಮನ ಸಾಲು ನಮ್ಮ ಸೀಮೆಯ ಹೆಂಗಸರ ಕಣ್ಣನ್ನು ಹನಿಗೂಡಿಸುವಂಥದು. ಸಂಕಮ್ಮನೂ ಆಕೆಯ ಗಂಡ ನೀಲಯ್ಯನೂ ಮಕ್ಕಳಿಲ್ಲದ ಸೋಲಿಗ ದಂಪತಿಗಳು. ನೀಲಯ್ಯನು ಕಾಡಿಗೆ ಹೊರಡುವ ಮುನ್ನ ಹೆಂಡತಿಯ ಶೀಲಕ್ಕೆ ಬಲಗೈ ಭಾಷೆಯನ್ನು ಕೇಳುತ್ತಾನೆ. ಗಂಡನ ಆ ಸಂಶಯಕ್ಕೆ ತಾನು ಭಾಷೆ ಕೊಡಲಾರೆನೆಂದು ಆಕೆ ನಿಲ್ಲುತ್ತಾಳೆ. ನಿಂತ ತಪ್ಪಿಗೆ ಗುಡಿಸಿಲಿನಲ್ಲಿ ಕಟ್ಟಿಹಾಕಿಸಿಕೊಳ್ಳುತ್ತಾಳೆ. ಜಂಗಮವೇಷದ ಮಾದಪ್ಪನು ಆಕೆಯ ಕಟ್ಟನ್ನು ಬಿಡಿಸಿ, ಇಬ್ಬರು ಮಕ್ಕಳ ವರವನ್ನು ಕೊಟ್ಟ ಮೇಲೆಯೂ, ಹಿಂದಿರುಗಿದ ಗಂಡನ ಸಂಶಯದ ಪರೀಕ್ಷೆಗಳನ್ನು ಆಕೆ ಹಾಯ್ದು ಬರಬೇಕಾಗುತ್ತದೆ. ಕುಣಿತವನ್ನು ಮೆಚ್ಚುವವರು ಅನೇಕರು. ಆದರೆ ಮಾತು ಕೊಡಲೊಲ್ಲದ ಒಬ್ಬ ಕಾಡಿನ ಹೆಣ್ಣಿನ ಈ ದೃಢತೆಯನ್ನು ನೂರಾರು ವರ್ಷ ಕಾಪಾಡಿಕೊಂಡು ಬಂದುದು ಕಥನವೇ ಹೊರತು ಕುಣಿತವಲ್ಲ.

ಈ ಕಾಪಾಡುವಿಕೆಯ ವಿಧಾನವು ಗುರುಶಿಷ್ಯ ಸಂಬಂಧ. ಹಾಲುಮತ ಮೊದಲಾದ ಶ್ರಮಜೀವಿ ಕುಲಗಳಲ್ಲಿ ಹರಕೆಯ ಮೂಲಕವೋ ವಂಶಕ್ರಮದಿಂದಲೋ ಗುಡ್ಡನಾಗತಕ್ಕವನು ಗುರುವಿನಿಂದ ದೀಕ್ಷೆಯನ್ನು ಪಡೆದು, ರುದ್ರಾಕ್ಷಿ ಬೆತ್ತ ಜೋಳಿಗೆಗಳನ್ನು ಧರಿಸಿ, ಹಿರಿಯರ ಹಿಂದೆ ಊರೂರು ತಿರುಗಿ, ಮೊದಲು ಸೊಲ್ಲನ್ನೂ ಆಮೇಲೆ ಪದವನ್ನೂ ಕಡೆಗೆ ಸಾಲನ್ನೂ ವಶಮಾಡಿಕೊಳ್ಳುತ್ತಿದ್ದನು. ಪುಸ್ತಕವಿಲ್ಲದ ಈ ಪಾಠಶಾಲೆಯ ಸಂಪತ್ತು ಎಷ್ಟೆಂಬುದು, ಪಿ. ಕೆ. ರಾಜಶೇಖರ ಅವರು ಈ ಕಾವ್ಯವನ್ನು ಸಂಗ್ರಹಿಸಿ 1973ರಲ್ಲಿ ಬೃಹದ್ಗ್ರಂಥವಾಗಿ ಹೊರತಂದಾಗ, ಮತ್ತು ಕೆ. ಕೇಶವನ್ ಪ್ರಸಾದ್ ಅವರ ಸಂಪಾದನೆಯನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಪ್ರಕಟಿಸಿದಾಗ ವಿದ್ವಲ್ಲೋಕಕ್ಕೆ ವಿದಿತವಾಯಿತು. ಕಂಸಾಳೆ ಮಹದೇವಯ್ಯನವರಂಥ ಕಲಾವಿದರು ವಾದ್ಯದ ಹೆಸರನ್ನೇ ತಮ್ಮ ಹೆಸರಿನ ಮುಂದೆ ಧರಿಸಿ ಮೈಸೂರಿನ ವೇದಿಕೆಗಳಲ್ಲಿ ಅದಕ್ಕೆ ಗೌರವವನ್ನು ಗಳಿಸಿಕೊಟ್ಟರು.

ಗಾನ, ಕುಣಿತ, ಗುರುಶಿಷ್ಯಕ್ರಮಗಳು ಹೀಗೆಯೇ ಬೆಸೆದುಕೊಂಡಿರುವ ದೂರದ ಒಂದು ದ್ವೀಪಮಾಲೆಯ ಕಡೆಗೆ ಇಲ್ಲಿ ಓದುಗರ ದೃಷ್ಟಿಯನ್ನು ಕರೆದೊಯ್ಯುವುದು ಅಪ್ರಕೃತವಾಗಲಾರದು. ನಮ್ಮ ಮಲೆಗಳ ಶಿಲೆ 250 ಕೋಟಿ ವರ್ಷಗಳಿಗೂ ಪುರಾತನವಾದುದು; ಪೆಸಿಫಿಕ್ ಮಹಾಸಾಗರದ ನಡುವಿನ ಹವಾಯಿ ದ್ವೀಪಗಳಾದರೋ ಕಡಲ ತಳದಿಂದ ಉಕ್ಕಿದ ಲಾವಾರಸದಿಂದ ಒಂದೊಂದಾಗಿ ಹುಟ್ಟಿದವು. ವಾಯವ್ಯದ ಕವಾಯಿ ದ್ವೀಪಕ್ಕೆ ಸುಮಾರು 50 ಲಕ್ಷ ವರ್ಷದ ಪ್ರಾಯವಾದರೆ, ಆಗ್ನೇಯದ ದೊಡ್ಡ ದ್ವೀಪವು ಕಿಲವೇಯ ಜ್ವಾಲಾಮುಖಿಯ ಕೃಪೆಯಿಂದ ಇಂದಿಗೂ ಬೆಳೆಯುತ್ತಿದೆ. ಅಗ್ನಿದೇವತೆಯಾದ ಪೆಲೆ ತನಗೊಂದು ನೆಲೆಯನ್ನು ಅರಸುತ್ತ ಕವಾಯಿಯಿಂದ ಹೊರಟು ದ್ವೀಪದಿಂದ ದ್ವೀಪಕ್ಕೆ ನೆಲವನ್ನಗೆಯುತ್ತ ಬಂದು ಕಿಲವೇಯದಲ್ಲಿ ನೆಲಸಿದಳೆಂದು ಅಲ್ಲಿಯ ಗಾಯಕರು ಹಾಡುತ್ತಾರೆ. ಭೂವಿಜ್ಞಾನಿಗಳು ಶಿಲೆಯ ಪ್ರಾಯವನ್ನು ಅಳೆದು ಕಂಡ ದ್ವೀಪಗಳ ಕ್ರಮವೂ ಅದೇ ದಿಕ್ಕಿನದು. ಹೂಲಾ ಎಂಬ ಆ ಜನರ ನರ್ತನವು ಈ ಗಾನಕ್ಕೆ ಅಂಗವಾಗಿ ಹುಟ್ಟಿದುದು. ನುಣುಪಾದ ಲಾವಾಶಿಲೆಯ ಹರಳುಗಳನ್ನು ಕೈಗೆರಡರಂತೆ ಹಿಡಿದು ತಾಳಗುಟ್ಟುವ ಒಂದು ಬಗೆಯ ಹೂಲಾವನ್ನು ನೆನೆದರೆ ನಮ್ಮ ಗುಡ್ಡರ ಕಂಚಿನ ಬಟ್ಟಲು ತಾನಾಗಿ ನೆನಪಿಗೆ ಬರುತ್ತದೆ.

ಆ ವಿದ್ಯೆಗೆ ಒದಗಿದ ವಿಪತ್ತೂ, ಅದು ಚೇತರಿಸಿಕೊಂಡ ರೀತಿಯೂ ನಮಗೆ ಪಾಠವಾಗತಕ್ಕವು. ಮಿಷನರಿಗಳ ಪ್ರಭಾವಕ್ಕೊಳಗಾದ ರಾಣಿ ಕಾಆಹುಮನು 1830ರಲ್ಲಿ ಬಹಿರಂಗ ಹೂಲಾವನ್ನು ನಿಷೇಧಿಸಿದಳು. ರಾಜ ಕಲಾಕೌವನು 1883ರ ತನ್ನ ಪಟ್ಟಾಭಿಷೇಕೋತ್ಸವದಲ್ಲಿ ಅದನ್ನು ಮರಳಿ ಅರಮನೆಯ ಅಂಗಳಕ್ಕೆ ತಂದನು. ಆಮೇಲಿನ ದಶಕಗಳಲ್ಲಿ ಪ್ರವಾಸಿಗರ ಮನರಂಜನೆಗಾಗಿ ಅರ್ಥ ಕಳಚಿದ ಕುಣಿತವೇ ಎಲ್ಲೆಡೆ ಹಬ್ಬಿದಾಗ, ಅಲ್ಲಿಯ ಗುರುಕುಲಗಳು ಹಿಂದಿನ ಮಾರ್ಗವನ್ನೇ ಹಿಡಿದವು: ಶಿಷ್ಯನು ಮೊದಲು ಗಾನವನ್ನೂ ಅದರ ಭಾಷೆಯನ್ನೂ ಕಲಿಯಬೇಕು, ಗುರುವಿನ ಬಾಗಿಲ ಹೊರಗೆ ನಿಂತು ಅಪ್ಪಣೆಯನ್ನು ಬೇಡುವುದೂ ಹಾಡಿನಲ್ಲಿಯೇ, ಗುರು ಒಳಕ್ಕೆ ಕರೆಯುವುದೂ ಹಾಡಿನಲ್ಲಿಯೇ. 1971ರಿಂದ ಹೀಲೋ ಪಟ್ಟಣದಲ್ಲಿ ನಡೆಯುವ ಹೂಲಾ ಸ್ಪರ್ಧೆಯಲ್ಲಿ ಪ್ರಾಚೀನ ಗಾನಪದ್ಧತಿಗೆ ಪ್ರತ್ಯೇಕ ಸ್ಥಾನವುಂಟು.

ನಮ್ಮಲ್ಲಿ ಯಾವ ಅರಸಿಯೂ ಕಂಸಾಳೆಯನ್ನು ನಿಷೇಧಿಸಲಿಲ್ಲ. ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆಗಳಲ್ಲಿಯೂ ಅಮಾವಾಸ್ಯೆಯ ಸೇವೆಗಳಲ್ಲಿಯೂ ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವ ಭಕ್ತರ ಸಾಲು ಕಡಿಮೆಯಾಗಿಲ್ಲ. ಆದರೂ ಒಂದು ಸಂಕೋಚ ತಲೆದೋರಿದೆ. ಶಾಲೆಯ ವಾರ್ಷಿಕೋತ್ಸವದಲ್ಲಿಯೂ ಸರ್ಕಾರದ ಮೆರವಣಿಗೆಯಲ್ಲಿಯೂ ಕಂಸಾಳೆಗೆ ದೊರೆಯುವ ಕೆಲವೇ ನಿಮಿಷಗಳಲ್ಲಿ ಬೀಸಾಟಕ್ಕೆ ಅವಕಾಶವುಂಟೇ ಹೊರತು ಸಾಲಿಗೆ ಇಲ್ಲ. ಮಕ್ಕಳು ಹೆಜ್ಜೆಯನ್ನು ಕಲಿಯುತ್ತಾರೆ, ಸಂಕಮ್ಮನು ಯಾರೆಂದು ಕೇಳಿದರೆ ಸುಮ್ಮನಾಗುತ್ತಾರೆ. ಹೆಜ್ಜೆಯನ್ನು ಕಲಿಸುವುದು ಸುಲಭ; ಸಾಲನ್ನು ಕಲಿಸುವುದಕ್ಕೆ ಗುರುವೂ ಬೇಕು, ವರ್ಷಗಳೂ ಬೇಕು, ರಾತ್ರಿ ಕುಳಿತು ಕೇಳುವ ಊರೂ ಬೇಕು.

ಆದುದರಿಂದ ಕಂಸಾಳೆಯನ್ನು ಕಾಣಬಯಸುವವರು ವೇದಿಕೆಯ ಮುಂದೆ ಕುಳಿತು ತೃಪ್ತರಾಗದೆ, ಜಾತ್ರೆಯ ಕಾಲದಲ್ಲಿ ಬೆಟ್ಟಕ್ಕೆ ಹೋಗಿ, ಹರಕೆಯ ಕಥೆ ಮಾಡಿಸುವ ಮನೆಯ ಜಗಲಿಯಲ್ಲಿ ಒಂದು ಇಡೀ ಸಾಲನ್ನು ಕೇಳಬೇಕು. ಚಾಮರಾಜನಗರ, ಗುಂಡ್ಲುಪೇಟೆಗಳ ಶಾಲೆಗಳು ಕುಣಿತದ ತರಬೇತಿಗೆ ಕರೆಸುವ ಗುಡ್ಡರಿಗೆ, ಅದೇ ಗೌರವದಿಂದ, ಕಥೆಯನ್ನು ಹಾಡುವುದಕ್ಕೂ ತಿಂಗಳಿಗೊಂದು ಸಂಜೆಯನ್ನು ಬಿಟ್ಟುಕೊಡಬೇಕು. ಹೆಣ್ಣುಮಕ್ಕಳೂ ತಾಳ ಹಿಡಿಯುತ್ತಿರುವ ಈ ಕಾಲದಲ್ಲಿ ಸಂಕಮ್ಮನ ಸಾಲಿಗೆ ಹೊಸ ಕೊರಳುಗಳು ದೊರೆಯುವುದು ಅಸಾಧ್ಯವೇನೂ ಅಲ್ಲ. ಹಾಡುವವರು ಉಳಿದರೆ ಎಪ್ಪತ್ತೇಳು ಮಲೆಯ ಹೆಸರು ಹಿಡಿದು ಕರೆಯಬಲ್ಲ ಜನ ಉಳಿಯುತ್ತಾರೆ. ಹೆಸರು ಹಿಡಿದು ಕರೆಯಬಲ್ಲವರೇ ಆ ಕಾಡನ್ನೂ ಆ ಕಲ್ಲನ್ನೂ ತಮ್ಮದೆಂದು ಕಾಯುತ್ತಾರೆ.