ಅಂಕಿಯಿಂದ ಅಕ್ಷರಕ್ಕೆ: ತೋಟದ ಲೆಕ್ಕದಲ್ಲಿ ಗಣಕಯಂತ್ರ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಮೊದಲಾದ ಕಡೆಗಳ ಕಾಫಿ ತೋಟಗಳಲ್ಲಿ ಬಟವಾಡೆಯ ಹಣಕ್ಕಾಗಿ ರೈಟರು ಚೆಕ್ಕನ್ನು ಸಿದ್ಧಪಡಿಸಿದಾಗ ಅದರಲ್ಲಿ ಮೊಬಲಗು ಎರಡು ಬಾರಿ ಕಾಣಿಸಿಕೊಳ್ಳುತ್ತದೆ: ಒಮ್ಮೆ ಅಂಕಿಗಳಲ್ಲಿ, ಒಮ್ಮೆ ಅಕ್ಷರಗಳಲ್ಲಿ. ಇವೆರಡಕ್ಕೂ ವ್ಯತ್ಯಾಸವಿದ್ದರೆ ಅಕ್ಷರಗಳಲ್ಲಿ ಬರೆದುದೇ ಸಲ್ಲತಕ್ಕ ಮೊಬಲಗೆಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 18ನೆಯ ಕಲಮು ವಿಧಿಸುತ್ತದೆ. ವ್ಯವಹಾರದಲ್ಲಿ ಅಂಥ ಚೆಕ್ಕನ್ನು ಬ್ಯಾಂಕು ಹಿಂದಿರುಗಿಸುವುದೂ ಉಂಟು; ಆಗ ಕೂಲಿಗಾರರ ಸಂತೆಯ ಖರ್ಚಿಗೇ ತೊಡಕಾದೀತು. ಆದುದರಿಂದ ಈ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸುವಾಗ ನಿಯಮಗಳು ನಿರ್ದುಷ್ಟವಾಗಿರಬೇಕು.

ಇಂಗ್ಲಿಷಿನಲ್ಲಿ 1ರಿಂದ 19ರವರೆಗೆ 19 ಪದಗಳು, ಟ್ವೆಂಟಿಯಿಂದ ನೈಂಟಿಯವರೆಗೆ 8 ಪದಗಳು, ಹಂಡ್ರೆಡ್, ಥೌಸಂಡ್, ಲ್ಯಾಕ್, ಕ್ರೋರ್ ಎಂಬ 4 ಪದಗಳು. ಈ 31 ಪದಗಳಿಂದ 1ರಿಂದ 99,99,99,999ರವರೆಗಿನ ಎಲ್ಲ ಪೂರ್ಣಾಂಕಗಳನ್ನೂ ಬರೆಯಬಹುದು. ಸಂಖ್ಯೆಯನ್ನು ಕ್ರಮವಾಗಿ ಕೋಟಿ, ಲಕ್ಷ, ಸಾವಿರ, ನೂರುಗಳಿಂದ ಭಾಗಿಸಬೇಕು. ಪ್ರತಿಯೊಂದು ಹಂತದಲ್ಲಿಯೂ ಭಾಗಲಬ್ಧದ ಹೆಸರನ್ನೂ ಸ್ಥಾನದ ಹೆಸರನ್ನೂ ಬರೆದು, ಶೇಷವನ್ನು ಮುಂದಿನ ಭಾಜಕಕ್ಕೆ ಒಪ್ಪಿಸಬೇಕು. ಭಾಗಲಬ್ಧವು ಸೊನ್ನೆಯಾದರೆ ಆ ಸ್ಥಾನದಲ್ಲಿ ಏನನ್ನೂ ಬರೆಯಕೂಡದು. 20ಕ್ಕಿಂತ ಕಡಿಮೆಯಾದ ಸಂಖ್ಯೆಗೆ ಪಟ್ಟಿಯಲ್ಲಿಯೇ ಹೆಸರುಂಟು. 20ರಿಂದ 99ರವರೆಗಿನವನ್ನು ಹತ್ತು ಮತ್ತು ಬಿಡಿಗಳಾಗಿ ಒಡೆಯಬೇಕು.

ಮೊಬಲಗು 4,07,350 ರೂಪಾಯಿ ಎಂದಿಟ್ಟುಕೊಳ್ಳೋಣ. ಕೋಟಿಯ ಭಾಗಲಬ್ಧ ಸೊನ್ನೆ. ಲಕ್ಷದ್ದು 4, ಶೇಷ 7,350. ಸಾವಿರದ್ದು 7, ಶೇಷ 350. ನೂರರದ್ದು 3, ಶೇಷ 50. ‘ಫೋರ್ ಲ್ಯಾಕ್ ಸೆವೆನ್ ಥೌಸಂಡ್ ಥ್ರೀ ಹಂಡ್ರೆಡ್ ಫಿಫ್ಟಿ’ ಎಂಬ ಉತ್ತರ ದೊರೆಯುತ್ತದೆ.

ವಿದೇಶದ ಕೊಳ್ಳುಗರಿಗೆ ಕಳುಹಿಸುವ ಬಿಲ್ಲಿನಲ್ಲಿ ಲಕ್ಷ, ಕೋಟಿಗಳು ಸಲ್ಲವು. ಅಲ್ಲಿ ಭಾಜಕಗಳು ಮಿಲಿಯನ್, ಸಾವಿರ ಮತ್ತು ನೂರು. ಮೇಲಣ ಸಂಖ್ಯೆಯಲ್ಲಿ ಸಾವಿರದ ಭಾಗಲಬ್ಧವೇ 407 ಆಗುವುದರಿಂದ, ಅದನ್ನು ಮತ್ತೆ ಅದೇ ಕ್ರಮವಿಧಿಗೆ ಒಳಪಡಿಸಬೇಕು. ವಿಧಿಯು ತನ್ನನ್ನು ತಾನೇ ಕರೆದುಕೊಳ್ಳುವ ಈ ಉಪಾಯವು ಗಣಕಶಾಸ್ತ್ರದ ವಿದ್ಯಾರ್ಥಿಗಳಿಗೆ ಪುನರಾವರ್ತನದ ಸುಲಭ ನಿದರ್ಶನವಾಗಿದೆ.

ಕನ್ನಡಕ್ಕೆ ಇಷ್ಟು ಸಾಲದು. 300 ಎಂಬುದು ‘ಮುನ್ನೂರು’. ಆದರೆ 350 ‘ಮುನ್ನೂರ ಐವತ್ತು’. ಶೇಷವಿದ್ದರೆ ಲಕ್ಷವು ‘ಲಕ್ಷದ’ ಎಂದೂ ಸಾವಿರವು ‘ಸಾವಿರದ’ ಎಂದೂ ಆಗುತ್ತದೆ. ಆದಕಾರಣ ಯಂತ್ರವು ಪದವನ್ನು ಬರೆಯುವ ಮೊದಲೇ ಶೇಷವನ್ನು ಪರೀಕ್ಷಿಸಬೇಕು. ‘ಇಪ್ಪತ್ತೊಂದು’, ‘ಇನ್ನೂರು’, ‘ಒಂಬೈನೂರು’ ಮುಂತಾದ ಸಂಧಿರೂಪಗಳಿಗೆ ಪ್ರತ್ಯೇಕ ಪಟ್ಟಿಯೂ ಅವಶ್ಯಕ.

ಪೈಸೆಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ದ್ವಿಮಾನ ಪದ್ಧತಿಯಲ್ಲಿ 0.29 ಎಂಬ ದಶಮಾಂಶವು ನಿಖರವಾಗಿ ಅಡಗದು. ಸಾಮಾನ್ಯವಾಗಿ ಬಳಸುವ 64 ಬಿಟ್ಟುಗಳ ಪದ್ಧತಿಯಲ್ಲಿ ಅದನ್ನು 100ರಿಂದ ಗುಣಿಸಿ ಭಿನ್ನರಾಶಿಯನ್ನು ಕತ್ತರಿಸಿದರೆ 29ಕ್ಕೆ ಬದಲಾಗಿ 28 ಉಳಿಯುತ್ತದೆ. ಮೊದಲಿನಿಂದಲೂ ಲೆಕ್ಕವನ್ನು ಪೈಸೆಗಳ ಪೂರ್ಣಾಂಕದಲ್ಲಿಯೇ ಇಟ್ಟರೆ ಈ ದೋಷಕ್ಕೆ ಎಡೆಯಿಲ್ಲ.

ಕ್ರಮವಿಧಿಯನ್ನು ಬಳಕೆಗೆ ತರುವ ಮುನ್ನ 19, 20, 100, 1,001, 1,00,000 ಮುಂತಾದ ಗಡಿಸಂಖ್ಯೆಗಳಿಂದ ಪರೀಕ್ಷಿಸತಕ್ಕದ್ದು. ತಪ್ಪುಗಳು ಹೆಚ್ಚಾಗಿ ಇಂಥ ಎಡೆಗಳಲ್ಲಿಯೇ ಅಡಗಿರುತ್ತವೆ.